ನಾಲ್ಕನೇ ಪ್ರೆಸ್ಸಿನ ಸಿದ್ದಕ್ಕ

ತನ್ನ ಇಪ್ಪತ್ತಾರನೇ ವಯಸ್ಸಿಗೇ ಜಗತ್ತಿಗೆ ಒಂದು ಉಪಕಾರ ಮಾಡಿ ಮುಗಿಸಿದೆನೆಂದು ರುದ್ರೇಶ್ ನಂಬಿದ್ದ. ಆ ನಂಬಿಕೆ ಸರಿಯಾಗಿ ಇಪ್ಪತ್ತಮೂರು ದಿನ ಬಾಳಿತು.

ಪೀಣ್ಯ ಎರಡನೇ ಹಂತದ ಒಂದು ಒಳರಸ್ತೆಯಲ್ಲಿ ದೇವರಾಜ್ ಎಂಬುವವರ ಶೆಡ್ಡು. ಅಲ್ಲಿ ಅವನು ಮೇಂಟೆನೆನ್ಸ್ ಇಂಜಿನಿಯರ್. ಡಿಪ್ಲೊಮಾ ಓದಿದವನನ್ನೂ ಇಂಜಿನಿಯರ್ ಎಂದು ಕರೆಯುವುದು ಪೀಣ್ಯದ ದೊಡ್ಡ ಮನಸ್ಸು. ಹರಿಹರದ ಅವನ ಓಣಿಯಲ್ಲಿ ಈಗಲೂ ಅವನು ಮಿಕ್ಸಿ ರಿಪೇರಿ ಮಾಡುವ ಹುಡುಗನೇ. ಶೆಡ್ಡಿನಲ್ಲಿ ಹತ್ತು ಪವರ್ ಪ್ರೆಸ್ಸುಗಳು. ಕೆಳಗಿನ ಅಚ್ಚಿನ ಮೇಲೆ ತಗಡಿನ ತುಂಡು ಇಟ್ಟು ಪೆಡಲ್ ತುಳಿದರೆ ಮೇಲಿನ ಅಚ್ಚು ಧಡ್ಡನೆ ಇಳಿಯುತ್ತದೆ. ತಗಡು ಬಾಗಿ, ತೂತು ಬಿದ್ದು, ಯೂರೋಪಿನ ಯಾರದೋ ಮನೆಯ ಬಟ್ಟೆ ಒಗೆಯುವ ಯಂತ್ರದ ಬಾಗಿಲಿಗೆ ಪಟ್ಟಿಯಾಗುತ್ತದೆ. ಕೈ ಹಿಂದಕ್ಕೆಳೆಯುವುದು ಒಂದು ಕ್ಷಣ ತಡವಾದರೆ ಬಾಗುವುದು ತಗಡೊಂದೇ ಅಲ್ಲ.

ಆಗಸ್ಟಿನಲ್ಲಿ ಆ ಯೂರೋಪಿನ ಕಂಪನಿಯಿಂದ ಒಂದು ಪತ್ರ ಬಂತು. ಪೆಡಲ್ ಇರುವ ಪ್ರೆಸ್ಸಿನಲ್ಲಿ ಮಾಡಿದ ಸಾಮಾನನ್ನು ಇನ್ನು ಮುಂದೆ ಕೊಳ್ಳುವುದಿಲ್ಲ. ಎರಡು ಕೈಯಿಂದ ಎರಡು ಬಟನ್ ಒಟ್ಟಿಗೆ ಒತ್ತಿದರಷ್ಟೇ ಅಚ್ಚು ಇಳಿಯಬೇಕು. ಕೈಗಳೆರಡೂ ಬಟನ್ ಮೇಲಿದ್ದರೆ ಅಚ್ಚಿನೊಳಗೆ ಇರಲಾರವಲ್ಲ! ಮಾತು ನ್ಯಾಯವಾದದ್ದೇ. ಜೊತೆಗೊಂದು ಡ್ರಾಯಿಂಗೂ ಇತ್ತು. ಕೊನೆಯ ಸಾಲಿನಲ್ಲಿ ಮಾತ್ರ, ದಿನದ ಕೌಂಟು, ಅಂದರೆ ಪಟ್ಟಿಗಳ ಎಣಿಕೆ, ಈಗಿರುವುದಕ್ಕಿಂತ ಇಳಿಯಕೂಡದು ಎಂದೂ ಬರೆದಿದ್ದರು. ನವೆಂಬರ್ ಕೊನೆಗೆ ಬಂದು ನೋಡುತ್ತಾರಂತೆ.

"ಇದನ್ನ ಫಾರಿನ್ನಿಂದ ತರ್ಸಿದ್ರೆ ನಾನು ಶೆಡ್ಡೇ ಮಾರ್ಕೋಬೇಕು ಗುರು," ಎಂದರು ದೇವರಾಜ್. "ನೀನೇ ಏನಾದ್ರೂ ಮಾಡು. ಓದಿದೀಯಲ್ಲ, ಓದಿದ್ದು ಎಲ್ಲಿ ಹೋಯ್ತು?"

ಓದಿದ್ದು ಎಲ್ಲಿಗೆ ಹೋಗಿತ್ತೋ, ರುದ್ರೇಶನಂತೂ ಡ್ರಾಯಿಂಗ್ ನೋಡಿಕೊಂಡು ಒಂದೂವರೆ ತಿಂಗಳಲ್ಲಿ ಎರಡೆರಡು ಬಟನ್ನಿನ ಹತ್ತು ಪೆಟ್ಟಿಗೆ ಮಾಡಿದ. ಬಟನ್ನುಗಳ ಎತ್ತರ, ಅಗಲ ಎಲ್ಲ ಡ್ರಾಯಿಂಗಿನಲ್ಲಿದ್ದಂತೆಯೇ ಇಟ್ಟ. ಪ್ರತಿ ಪೆಟ್ಟಿನ ನಂತರ ಎರಡೂ ಬಟನ್ ಬಿಟ್ಟು ಮತ್ತೆ ಒತ್ತಿದರಷ್ಟೇ ಯಂತ್ರ ಓಡಬೇಕೆಂಬ ಒಂದು ಷರತ್ತೂ ಅದರಲ್ಲಿತ್ತು. ಅದಕ್ಕೆ ಪ್ರತಿ ಪೆಟ್ಟಿಗೆಗೂ ರಿಲೇ ಎಂಬ ಒಂದೊಂದು ಸ್ವಿಚ್ಚು ಹೆಚ್ಚಿಗೆ ಬೇಕಿತ್ತು. ಅಷ್ಟೊಂದು ಅನುಮಾನ ಯಾಕೆ, ನಮ್ಮವರೇ ಅಲ್ಲವೇ ಎಂದು ಅದನ್ನು ಕೈಬಿಟ್ಟ. ಅದರ ಬದಲು ಪೆಟ್ಟಿಗೆಗಳ ಮೇಲೆ 'ರುದ್ರರಕ್ಷಾ' ಎಂಬ ಸ್ಟಿಕ್ಕರ್ ಮಾಡಿಸಿ ಅಂಟಿಸಿದ. ರಿಲೇಗಿಂತ ಸ್ಟಿಕ್ಕರಿಗೆ ಹೆಚ್ಚು ಓಡಾಡಿದ್ದ ಎನ್ನುವುದನ್ನು ಈಗ ಅವನೇ ಒಪ್ಪಿಕೊಳ್ಳುತ್ತಾನೆ.

ಆಯುಧಪೂಜೆಯ ದಿನ ಪೆಟ್ಟಿಗೆಗಳು ಯಂತ್ರಗಳ ಮೇಲೇರಿದವು. ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡು ಹೂವಿನ ಹಾರ ಹಾಕಿ, ತೆಂಗಿನಕಾಯಿ, ಬೂದುಗುಂಬಳ ಒಡೆದದ್ದಾಯಿತು. ರುದ್ರೇಶನೇ ಕರ್ಪೂರ ಹಚ್ಚಿ ಪೆಟ್ಟಿಗೆಗಳಿಗೆಲ್ಲ ಆರತಿ ಎತ್ತಿದ. ಆರತಿ ತಟ್ಟೆ ಕೈಯಲ್ಲಿರುವಾಗಲೇ ಆಪರೇಟರುಗಳ ಕಡೆ ತಿರುಗಿ, "ಏನಾದ್ರೂ ತೊಂದರೆ ಇದ್ರೆ ಈಗಲೇ ಹೇಳ್ಬಿಡಿ, ನಾಚ್ಕೋಬೇಡಿ," ಎಂದ.

"ಏನಿಲ್ರೀ ಸರ. ಚಲೋ ಐತ್ರೀ," ಎಂದರು ಎಲ್ಲರೂ, ಮಂಗಳಾರತಿ ಕಣ್ಣಿಗೊತ್ತಿಕೊಳ್ಳುತ್ತ. ಎಲ್ಲರಿಗೂ ಬೂಂದಿ, ಮಂಡಕ್ಕಿ ಸಿಕ್ಕಿತು. ರುದ್ರೇಶನಿಗೆ ಕೀರ್ತಿಯೂ ಸಿಕ್ಕಿತು.

ಮೂರು ವಾರದ ಕೌಂಟು ತೆಗೆದು ನೋಡಿದರೆ ಒಂಬತ್ತು ಪ್ರೆಸ್ಸುಗಳು ಮೊದಲಿನಂತೆಯೇ ದಿನಕ್ಕೆ ಮೂರು ಸಾವಿರದ ಆಸುಪಾಸಿನಲ್ಲಿ ಓಡುತ್ತಿದ್ದವು. ನಾಲ್ಕನೆಯದು ಮಾತ್ರ ಎರಡು ಸಾವಿರಕ್ಕೆ ಕುಸಿದಿತ್ತು. ರುದ್ರೇಶನಿಗೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಪೆಟ್ಟಿಗೆಯಲ್ಲೇ ದೋಷವಿದ್ದರೆ ಹತ್ತೂ ಕುಸಿಯಬೇಕಿತ್ತು. ಆದ್ದರಿಂದ ದೋಷ ಆಪರೇಟರದ್ದು, ಅವರನ್ನು ಪ್ಯಾಕಿಂಗಿಗೆ ಹಾಕುವುದು ಸೂಕ್ತ ಎಂದು ಚೊಕ್ಕವಾಗಿ ವರದಿ ಬರೆದ. ದೇವರಾಜ್ ಅದನ್ನು ಓದಿ, "ಸರಿ ಬಿಡು, ನೀನೇ ಹೇಳ್ಬಿಡು ಅವ್ರಿಗೆ," ಎಂದರು. ಕಹಿ ಸುದ್ದಿಗಳನ್ನು ಇಂಜಿನಿಯರುಗಳ ಬಾಯಿಂದ ಹೇಳಿಸುವುದು ಅವರ ಪದ್ಧತಿ.

ನಾಲ್ಕನೇ ಪ್ರೆಸ್ಸಿನ ಆಪರೇಟರ್ ಸಿದ್ದಕ್ಕ.

ಆ ಶೆಡ್ಡಿನಲ್ಲಿ ಪ್ರೆಸ್ಸಿಗೆ ಕೂತ ಮೊದಲ ಹೆಂಗಸು ಆಕೆ. ಈವರೆಗೆ ಕೊನೆಯವಳೂ ಹೌದು. ಇಳಕಲ್ಲಿನ ನೇಕಾರರ ಮನೆಯ ಮಗಳು. ಮದುವೆಯಾದ ಮೇಲೆ ಗಂಡ ಯಮನೂರನ ಜೊತೆ ಬೆಂಗಳೂರಿಗೆ ಬಂದು, ದೊಡ್ಡನೆಕ್ಕುಂದಿ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲಿ ಅವುಗಳ ಹನ್ನೊಂದನೇ ಮಹಡಿಯವರೆಗೂ ಜಲ್ಲಿ ಹೊತ್ತಿದ್ದಾಳೆ. ಆಮೇಲೆ ಯಮನೂರನಿಗೆ ಪೀಣ್ಯದ ಬೇರೊಂದು ಶೆಡ್ಡಿನಲ್ಲಿ ಪ್ರೆಸ್ ಕೆಲಸ ಸಿಕ್ಕಿತು. ಎರಡೇ ವರ್ಷಕ್ಕೆ ಬಲಗೈಯ ಎರಡು ಬೆರಳು ಹೋದವು. ಅವನೀಗ ಜಾಲಹಳ್ಳಿಯ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂರುತ್ತಾನೆ. ಸಿದ್ದಕ್ಕ ದೇವರಾಜ್ ಅವರಲ್ಲಿ ಪ್ಯಾಕಿಂಗಿಗೆ ಸೇರಿದಳು. ಒಂಬತ್ತು ವರ್ಷ, ದಿನಕ್ಕೆ ಎಂಟು ತಾಸು, ನಿಂತೇ ಮಾಡುವ ಕೆಲಸ.

ಪ್ಯಾಕಿಂಗ್ ಮೇಜಿನ ಹತ್ತಿರ ನಿಂತುಕೊಂಡೇ ಆಕೆ, "ಏಳನೇದರ ಅಚ್ಚು ಮೊಂಡ ಆಗೇತ್ರಿ," ಎಂದು ಕೂಗುತ್ತಿದ್ದಳಂತೆ. ಹಿರಿಯ ಆಪರೇಟರ್ ಭೀಮಪ್ಪ ಮೊದಮೊದಲು ನಗುತ್ತಿದ್ದ. ಒಮ್ಮೆ ಬಿಚ್ಚಿ ನೋಡಿದರೆ ಅಚ್ಚಿನ ಅಂಚು ನಿಜವಾಗಿಯೂ ಸವೆದಿತ್ತು. ಮಗ್ಗದ ಸಪ್ಪಳದಲ್ಲೇ ಹುಟ್ಟಿ ಬೆಳೆದ ಕಿವಿ ಅದು. ಹತ್ತು ಯಂತ್ರ ಒಟ್ಟಿಗೆ ಬಡಿದುಕೊಳ್ಳುವಾಗ ಯಾವುದು ಕೆಮ್ಮುತ್ತಿದೆ ಎಂದು ಅದಕ್ಕೆ ತಿಳಿಯುತ್ತಿತ್ತು. ಭೀಮಪ್ಪ ಊಟದ ಬಿಡುವಿನಲ್ಲಿ ಆಕೆಗೆ ಕೆಲಸ ಕಲಿಸಿದ. ಒಬ್ಬ ಆಪರೇಟರ್ ಹೇಳದೆ ಕೇಳದೆ ಬಿಟ್ಟು ಹೋದ ದಿನ ದೇವರಾಜ್ ಬೇರೆ ದಾರಿಯಿಲ್ಲದೆ ಆಕೆಯನ್ನು ನಾಲ್ಕನೆಯದಕ್ಕೆ ಕೂರಿಸಿದರು. ಮೂರು ವರ್ಷವಾಯಿತು, ಎಬ್ಬಿಸಲಿಲ್ಲ. ಕೊರಳಿಗೆ ಹಾಕುವ ಕಾರ್ಡಿನಲ್ಲಿ ಹೆಸರಿನ ಕೆಳಗೆ 'ಆಪರೇಟರ್' ಎಂದು ಬಂತು. ಪ್ಯಾಕಿಂಗಿನಲ್ಲಿ ಬಾತುಕೊಳ್ಳುತ್ತಿದ್ದ ಮೊಣಕಾಲಿಗೆ ಒಂದು ಸ್ಟೂಲು ಸಿಕ್ಕಿತು. ಬೆಳಗ್ಗೆ ಬಂದೊಡನೆ ಆಕೆ ಗಾಜಿನ ಬಳೆಗಳನ್ನು ಕಳಚಿ ಪಕ್ಕದ ಮೊಳೆಗೆ ಸಿಕ್ಕಿಸುತ್ತಾಳೆ. ಬಳೆ ಅಲ್ಲಿದ್ದರೆ ಸಿದ್ದಕ್ಕ ಕೆಲಸದಲ್ಲಿದ್ದಾಳೆ ಎಂದರ್ಥ.

ಇಷ್ಟೆಲ್ಲವನ್ನೂ ರುದ್ರೇಶ್ ಆಮೇಲೆ ಕೇಳಿ ತಿಳಿದದ್ದು. ವರದಿ ಬರೆಯುವಾಗ ಅವನಿಗೆ ಗೊತ್ತಿದ್ದುದು ನಾಲ್ಕು ಎಂಬ ಅಂಕಿಯೊಂದೇ.

"ಸಿದ್ದಕ್ಕ, ಕೌಂಟು ಬರ್ತಾ ಇಲ್ಲ," ಎಂದು ಶುರು ಮಾಡಿದ. "ಸೋಮವಾರದಿಂದ ಪ್ಯಾಕಿಂಗ್ ನೋಡ್ಕೊಂಡ್ರೆ..."

ಆಕೆ ಯಂತ್ರ ನಿಲ್ಲಿಸಿದಳು. ಅಳಲಿಲ್ಲ, ಕೂಗಾಡಲಿಲ್ಲ. ಬಲ ಭುಜವನ್ನು ಒಮ್ಮೆ ಒತ್ತಿಕೊಂಡಳು.

"ಆತ್ರಿ ಸರ, ಹೋಗತೀನಿ. ಮಾಲಕರ ಕಡಿಯವರು ನೀವು, ಬ್ಯಾಡ ಅನ್ನಾಕ ನಾ ಯಾರು? ಆದ್ರ ಇದನ್ನ ಮಾಡಿದವರು ನೀವ ಅಲ್ರಿ? ಒಂದೀಟು ಇದರ ಮ್ಯಾಲ ಕೂಡ್ರಿ. ಊಟದ ಗಂಟಿ ಆಗೂತನಕ. ಆಮ್ಯಾಲ ನೀವು ಹೆಂಗ ಹೇಳತೀರಿ ಹಂಗ."

ರುದ್ರೇಶ್ ನಗುತ್ತಲೇ ಕೂತ. ಊಟದ ಗಂಟೆಗೆ ಒಂದು ತಾಸು ಬಾಕಿ ಇತ್ತು. ತಗಡು ಇಡು, ಕೈ ಮೇಲೆತ್ತು, ಎರಡು ಬಟನ್ ಒತ್ತು, ಕೈ ಇಳಿಸು, ತಗಡು ತೆಗೆ. ಮೊದಲ ಹತ್ತು ನಿಮಿಷ ನಗು ಇತ್ತು. ಇಪ್ಪತ್ತನೇ ನಿಮಿಷಕ್ಕೆ ತೋಳು ತನ್ನದಲ್ಲವೆನಿಸಿತು. ಬಟನ್ನುಗಳು ಹೆಗಲಿಗಿಂತ ಮೇಲೆ ಇದ್ದವು. ಡ್ರಾಯಿಂಗಿನಲ್ಲಿದ್ದ ಮನುಷ್ಯ ಆರಡಿಯವನು, ನಿಂತು ಕೆಲಸ ಮಾಡುವವನು. ಅವನ ಅಳತೆಗೆ ಮಾಡಿದ್ದನ್ನು ತಾನು ಐದಡಿಗೂ ಕಡಿಮೆ ಇರುವ, ಸ್ಟೂಲಿನ ಮೇಲೆ ಕೂರುವ ಸಿದ್ದಕ್ಕನ ಮುಂದೆ ತಂದು ನೆಟ್ಟಿದ್ದ. ದಿನಕ್ಕೆ ಮೂರು ಸಾವಿರ ಸಲ ದೇವರಿಗೆ ಕೈ ಎತ್ತಿದಂತೆ ಎತ್ತಬೇಕಿತ್ತು. ಊಟದ ಗಂಟೆ ಬಾರಿಸಿದಾಗ ಅವನ ಕೌಂಟು ನೂರಾ ಎಪ್ಪತ್ತು. ಸಿದ್ದಕ್ಕ ಅದೇ ಪೆಟ್ಟಿಗೆಯಲ್ಲಿ ತಾಸಿಗೆ ಇನ್ನೂರೈವತ್ತು ಮಾಡುತ್ತಿದ್ದಳು.

"ಮಿಕ್ಕವರು ಹೇಗೆ ಮೂರು ಸಾವಿರ ಮಾಡ್ತಾರೆ?" ಎಂದ, ಭುಜ ಹಿಡಿದುಕೊಂಡು.

"ಅವರನ್ನ ಕೇಳ್ರಿ," ಎಂದು ಆಕೆ ಬಳೆ ಹಾಕಿಕೊಂಡು ಊಟಕ್ಕೆ ಹೋದಳು.

ಎಲ್ಲರೂ ಊಟಕ್ಕೆ ಹೋಗಿದ್ದರು. ರುದ್ರೇಶ್ ಒಂದನೇ ಪ್ರೆಸ್ಸಿನ ಹತ್ತಿರ ಬಂದು ಬಗ್ಗಿ ನೋಡಿದ. ಭೀಮಪ್ಪನ ಯಂತ್ರ. ಅಲ್ಲಿ ಯಾರೂ ಇಲ್ಲದಿದ್ದರೂ ಎಡಗಡೆಯ ಬಟನ್ ಒಳಕ್ಕೆ ಒತ್ತಿಕೊಂಡೇ ಇತ್ತು. ಸಂದಿನಲ್ಲಿ ತೆಂಗಿನ ಚಿಪ್ಪಿನ ಒಂದು ಚೂರು ಬಿಗಿಯಾಗಿ ಕೂತಿತ್ತು, ಉಜ್ಜಿ ನಯ ಮಾಡಿದ್ದು. ಎರಡನೆಯದಕ್ಕೆ ಹೋದ, ಅಲ್ಲೂ ಚಿಪ್ಪು. ಮೂರು, ಐದು, ಆರು... ಒಂಬತ್ತಕ್ಕೂ ಇತ್ತು. ಆಯುಧಪೂಜೆಯ ದಿನ ಒಡೆದ ಕಾಯಿಗಳೇ ಇರಬೇಕು. ಏಳನೆಯದರ ಚಿಪ್ಪಿಗೆ ಕುಂಕುಮವನ್ನೂ ಹಚ್ಚಿದ್ದರು. ಅಂದರೆ ಒಂಬತ್ತು ಜನ ಒಂದು ಕೈಯಲ್ಲಿ ಬಟನ್ ಒತ್ತುತ್ತ, ಇನ್ನೊಂದು ಕೈಯನ್ನು ಅಚ್ಚಿನೊಳಗೆ ಆಡಿಸುತ್ತ ಇಪ್ಪತ್ತಮೂರು ದಿನ ಕಳೆದಿದ್ದರು. ಮೊದಲಾದರೂ ಪೆಡಲ್ ತುಳಿಯುವಾಗ ಕಾಲಿಗೊಂದು ಭಯವಿತ್ತು. ಈಗ ರುದ್ರರಕ್ಷಾ ಇತ್ತು.

ರುದ್ರೇಶ್ ಅಲ್ಲೇ ತಗಡಿನ ರಾಶಿಯ ಮೇಲೆ ಕೂತು ಲೆಕ್ಕ ಹಾಕಿದ. ಒಂಬತ್ತು ಎಡಗೈ, ನಲವತ್ತೈದು ಬೆರಳು. ಒಂದಕ್ಕೂ ಏನೂ ಆಗಿರಲಿಲ್ಲ. ಇದು ಯಾವ ಪುಣ್ಯವೋ, ತನ್ನದಂತೂ ಅಲ್ಲ ಎಂಬುದು ಖಾತ್ರಿಯಿತ್ತು.

ಟಿಫಿನ್ ಡಬ್ಬಿ ಹಿಡಿದು ಬಂದ ಭೀಮಪ್ಪ ಅವನನ್ನೂ ಚಿಪ್ಪನ್ನೂ ನೋಡಿ ತಲೆ ಕೆರೆದುಕೊಂಡ.

"ಭೀಮಪ್ಪ, ಅವತ್ತೇ ಯಾಕೆ ಹೇಳ್ಲಿಲ್ಲ? ಕೇಳಿದ್ನಲ್ಲ ನಾನು?"

"ಕೇಳಿದ್ರಿ. ಕರ್ಪೂರ ಹಚ್ಚಿ ಕೇಳಿದ್ರಿ," ಎಂದ ಭೀಮಪ್ಪ. "ಪೂಜಿ ಆದದ್ದನ್ನ ಕೆಟ್ಟೈತಿ ಅನ್ನಾಕ ನಾಲಿಗಿ ಏಳತೈತೇನ್ರಿ? ಅದರಾಗ ನಿಮ್ಮ ಹೆಸರು ಬ್ಯಾರೆ ಅಂಟಿಸಿದ್ರಿ. ಪೂಜಿಕಿಂತ ಮದಲ ಕೇಳಿದ್ರ ಹತ್ತೂ ಮಂದಿ ಬಾಯಿ ತುಂಬ ಬಯ್ತಿದ್ವಿ."

"ಸಿದ್ದಕ್ಕ ಯಾಕೆ ಚಿಪ್ಪು ಇಡ್ಲಿಲ್ಲ?"

ಅದಕ್ಕೆ ಉತ್ತರ ಹಿಂದಿನಿಂದ ಬಂತು. ಸಿದ್ದಕ್ಕ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ನಮ್ಮ ಮನಿಯವರು ಎಡಗೈಲೆ ರೊಟ್ಟಿ ಮುರಿಯೂದು ನಾ ದಿನಾ ನೋಡತೀನ್ರಿ ಸರ. ನಿಮ್ಮ ಪೆಟ್ಟಿಗಿ ನನ್ನ ತೋಳು ತಿಂತೈತಿ, ಖರೆ. ಬೆರಳು ತಿನ್ನಂಗಿಲ್ಲ. ತೋಳು ನೋಯಲಿ ಅಂತ ಬಿಟ್ಟೆ."

"ನೀವಾದ್ರೂ ಹೇಳ್ಬಹುದಿತ್ತಲ್ಲ?"

"ನಾ ಹೇಳಿದ್ರ ನೀವು ಎಲ್ಲಾರ ಚಿಪ್ಪು ಕಿತ್ತು ಒಗೀತಿದ್ರಿ. ಕೌಂಟು ಬಿದ್ದು ಹತ್ತೂ ಮಂದಿ ಪ್ಯಾಕಿಂಗಿಗೆ ಬರ್ತಿದ್ವಿ. ಅಷ್ಟ ಮಂದಿಗೆ ಅಲ್ಲಿ ಜಾಗಾ ಎಲ್ಲೈತಿ?"

ಭೀಮಪ್ಪ ನಕ್ಕ. ರುದ್ರೇಶನಿಗೂ ನಗು ಬಂತು. ಅದು ನಗುವೋ ಬೇರೇನೋ ಎಂದು ಗೊತ್ತಾಗದಂತೆ ಮುಖ ತಿರುಗಿಸಿಕೊಂಡ.

ಮಧ್ಯಾಹ್ನವೇ ದೇವರಾಜ್ ಅವರ ಮುಂದೆ ಹೋಗಿ ತನ್ನ ವರದಿ ತಪ್ಪು ಎಂದ. ದೇವರಾಜ್ ಮೊದಲು ಬಾಯಿಗೆ ಬಂದಂತೆ ಬೈದರು, ನೀರು ಕುಡಿದರು, ಮತ್ತೆ ಬೈದರು. "ಇನ್ಸ್‌ಪೆಕ್ಷನ್‌ಗೆ ಹದಿನೆಂಟು ದಿನ ಐತೆ. ಈಗ್ಲೇ ಆ ಚಿಪ್ಪೆಲ್ಲ ಕೀಳು. ನಾಲ್ಕನೇದ್ರಲ್ಲಿ ಹೊಸದಾಗಿ ಏನ್ ಮಾಡ್ತೀಯೋ ಮಾಡು. ಅವತ್ತು ಕೌಂಟು ಬಂದ್ರೆ ಸಿದ್ದಕ್ಕ ಅಲ್ಲೇ ಇರ್ಲಿ. ಬರ್ಲಿಲ್ಲ ಅಂದ್ರೆ ಪ್ಯಾಕಿಂಗು. ಆಮೇಲೆ ನನ್ ಹತ್ರ ಬರ್ಬೇಡ."

ಮರುದಿನ ರುದ್ರೇಶ್ ಡ್ರಾಯಿಂಗ್ ತರಲಿಲ್ಲ, ಸೀಮೆಸುಣ್ಣ ತಂದ. "ಹೇಗೆ ಇಡ್ಲಿ, ಹೇಳಿ," ಎಂದ. ಅವನ ವೃತ್ತಿಜೀವನದಲ್ಲಿ ಆ ಪ್ರಶ್ನೆ ಅವನ ಬಾಯಿಂದ ಬಂದದ್ದು ಅದೇ ಮೊದಲು.

ಸಿದ್ದಕ್ಕ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದಳು. "ಕುಣಿಮಗ್ಗ ನೋಡೀರೇನು? ನೆಲದಾಗ ಕುಣಿ ತಗದು ಅದರಾಗ ಕಾಲು ಬಿಟ್ಟು ಕುಂತಿರತಾರ. ಲಾಳಿ ಈ ಕಡಿಂದ ಆ ಕಡಿ ಹೋಗೂ ಹೊತ್ತಿಗೆ ಕೈ ತಾನ ಬದಿಗೆ ಸರಿದಿರತೈತಿ. ಕೈ ತಗೀಬೇಕು ಅಂತ ಯಾರೂ ನೆನಸಂಗಿಲ್ಲ. ಹಂಗ ಇರಬೇಕ್ರಿ ಇದು. ನೋಡ್ರಿ, ತಗಡು ಇಟ್ಟೆ. ಕೈ ಬಿಟ್ಟೆ. ಎಲ್ಲಿ ಬಿದ್ದುವು? ಅಲ್ಲಿ ಗೀಟು ಹೊಡೀರಿ."

ಕೈಗಳು ಯಂತ್ರದ ಎರಡು ಬದಿಗೆ, ಸೊಂಟದ ಮಟ್ಟಕ್ಕೆ ಇಳಿದಿದ್ದವು. ರುದ್ರೇಶ್ ಗೀಟು ಹಾಕಿ, ಅಲ್ಲಿಂದ ಅಚ್ಚಿಗೆ ಟೇಪು ಹಿಡಿದ. ದೂರ ಡ್ರಾಯಿಂಗಿನಲ್ಲಿ ಕೇಳಿದ್ದಷ್ಟೇ ಇತ್ತು. ಎರಡು ಅಂಗುಲ ಹೆಚ್ಚೇ. ಬಟನ್ ಮೇಲಿಂದ ಕೆಳಕ್ಕೆ ಬಂದರೂ ಕೈ ಅಚ್ಚಿನಿಂದ ಅಷ್ಟೇ ದೂರ. ತಾನು ಒಂದೂವರೆ ತಿಂಗಳು ಹುಡುಕದೆ ಬಿಟ್ಟದ್ದನ್ನು ಆಕೆ ಕಣ್ಣು ಮುಚ್ಚಿ ಅರ್ಧ ನಿಮಿಷದಲ್ಲಿ ತೋರಿಸಿದ್ದಳು.

ಭೀಮಪ್ಪನನ್ನು ಕೂರಿಸಿದರೆ ಅವನ ಗೀಟು ನಾಲ್ಕು ಬೆರಳು ಮೇಲೆ ಬಿತ್ತು. ಇನ್ನೊಬ್ಬನದು ಕೆಳಗೆ. ಹಾಗಾಗಿ ಬಟನ್ನನ್ನು ಒಂದೇ ಕಡೆ ಬಿಗಿಯದೆ, ಮೇಲೆ ಕೆಳಗೆ ಜಾರಿಸಿ ತಿರುಪು ಹಾಕುವಂತೆ ಒಂದು ಕಬ್ಬಿಣದ ಪಟ್ಟಿ ಮಾಡಿದ. ಬಟನ್ ಮಾತ್ರ ಅಚ್ಚಿನ ಹತ್ತಿರಕ್ಕೆ ಜಾರದಂತೆ ತಡೆ ಇಟ್ಟ. ಚಿಪ್ಪು ಸಿಕ್ಕಿಸಿದರೆ ಅಚ್ಚು ಇಳಿಯದಂತೆ, ಮೊದಲು ಕೈಬಿಟ್ಟಿದ್ದ ರಿಲೇಯನ್ನೂ ಹಾಕಿದ. ಈ ಸಲ ಪೂಜೆ ಮಾಡಲಿಲ್ಲ. ಬದಲು ಹತ್ತೂ ಜನರನ್ನು ನಿಲ್ಲಿಸಿ, "ಬೈಯೋದು ಬೈದ್ಬಿಡಿ," ಎಂದ. ಮೂರು ದಿನ ಬೈದರು. ಪ್ರತಿ ಬೈಗುಳಕ್ಕೂ ಒಂದೊಂದು ತಿರುಪು ಬದಲಾಯಿತು.

ತಪಾಸಣೆಗೆ ಬಂದವರು ನಿವೇದಿತಾ, ಆ ಕಂಪನಿಯ ವೈಟ್‌ಫೀಲ್ಡ್ ಆಫೀಸಿನವರು. ಬ್ರೂಕ್‌ಫೀಲ್ಡಿನ ಮನೆಯಿಂದ ಪೀಣ್ಯಕ್ಕೆ ಬರಲು ಎರಡೂಕಾಲು ಗಂಟೆ ಹಿಡಿಯಿತು ಎಂದರು. ಯೂರೋಪಿಗೆ ಹೋಗಲು ಅದಕ್ಕಿಂತ ಬಹಳ ಬೇಕಾಗುವುದಿಲ್ಲ ಎಂದು ದೇವರಾಜ್ ನಗಿಸಿದರು. ನಾಲ್ಕನೇ ಪ್ರೆಸ್ಸಿನ ಮುಂದೆ ನಿಂತು ನಿವೇದಿತಾ ಕೇಳಿದರು, "ಈ ವ್ಯವಸ್ಥೆಯಲ್ಲಿ ದಿನಕ್ಕೆ ಎಷ್ಟು ಬರುತ್ತೆ?"

"ಮೂರ್ ಸಾವ್ರ ಮೇಡಂ, ಕಣ್ಮುಚ್ಕೊಂಡು," ಎಂದರು ದೇವರಾಜ್.

"ಎರಡು ಸಾವಿರದ ಎಂಟನೂರ್ರಿ ಮೇಡಮ್ಮಾರ," ಎಂದಳು ಸಿದ್ದಕ್ಕ.

ದೇವರಾಜ್‌ಗೆ ಕೆಮ್ಮು ಬಂತು. ಅಯ್ಯೋ ಎಂದುಕೊಂಡ ರುದ್ರೇಶ್. ತುಟಿ ಬಿಚ್ಚದೆ ಇದ್ದಿದ್ದರೆ ಆಕೆಯ ಜಾಗ ಉಳಿಯುತ್ತಿತ್ತಲ್ಲ!

"ಮೂರು ಸಾವಿರ ಬರಲ್ವಾ?" ಎಂದು ನಿವೇದಿತಾ ಮತ್ತೆ ಕೇಳಿದರು.

"ಬೇಕಂದ್ರ ಬರತಾವ್ರಿ. ಆ ಪೆಡಲ್ ತಿರುಗಿ ಕೊಡ್ರಿ. ಜೋಡೀಲೆ ಒಂದು ಡಬ್ಬಿನೂ ಕೊಡ್ರಿ, ಬಿದ್ದ ಬೆರಳು ಹಾಕಿಡಾಕ."

ನಿವೇದಿತಾಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಗ ರುದ್ರೇಶ್ ಮುಂದೆ ಬಂದು ಚಿಪ್ಪುಗಳ ಕಥೆ ಹೇಳಿದ. ಸ್ಟಿಕ್ಕರು, ಕರ್ಪೂರ, ತನ್ನ ವರದಿ, ನೂರಾ ಎಪ್ಪತ್ತರ ಕೌಂಟು, ಒಂದನ್ನೂ ಬಿಡಲಿಲ್ಲ. ಜೇಬಿನಿಂದ ಒಂಬತ್ತೂ ಚಿಪ್ಪು ತೆಗೆದು ಮೇಜಿನ ಮೇಲೆ ಇಟ್ಟ. ದೇವರಾಜ್ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ನಿವೇದಿತಾ ಒಂದು ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೇ ಡ್ರಾಯಿಂಗು ನಮ್ಮ ಸಾಮಾನು ಮಾಡೋ ಎಲ್ಲಾ ಕಡೆಗೂ ಹೋಗಿದೆ, ಬೇರೆ ದೇಶಗಳಿಗೂ," ಎಂದರು ನಿಧಾನವಾಗಿ. "ಎಲ್ಲೂ ಕೌಂಟು ಇಳಿದಿಲ್ಲ ಅಂತ ನಾನೇ ಖುಷಿಯಾಗಿ ರಿಪೋರ್ಟ್ ಕಳಿಸಿದೀನಿ." ಆಮೇಲೆ ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡು, "ಸ್ವಲ್ಪ ಏಳ್ತೀರಾ ಅಕ್ಕ?" ಎಂದು ಸಿದ್ದಕ್ಕನ ಸ್ಟೂಲಿನ ಮೇಲೆ ಕೂತರು. ಸಿದ್ದಕ್ಕ ತಿರುಪು ಸಡಿಲಿಸಿ ಬಟನ್ನುಗಳನ್ನು ಅವರ ಕೈಗೆ ಸರಿ ಮಾಡಿಕೊಟ್ಟಳು. ಎದ್ದಾಗ ಅವರ ಕೈಯಲ್ಲಿ ಹನ್ನೆರಡು ಪಟ್ಟಿಗಳಿದ್ದವು, ಮೂರು ಸೊಟ್ಟಗಿದ್ದವು.

"ಇದನ್ನ ಬೇರೆಯವರಿಗೂ ಕಳಿಸಬಹುದಾ?"

ದೇವರಾಜ್ ಥಟ್ಟನೆ ತಿರುಗಿದರು. "ಪೇಟೆಂಟು ಗೀಟೆಂಟು ಏನಾದ್ರೂ ಮಾಡ್ಸೋಣ ಅಂತಿದ್ದೆ ಮೇಡಂ..."

ರುದ್ರೇಶ್ ಸಿದ್ದಕ್ಕನ ಕಡೆ ನೋಡಿದ. ಆಕೆಯನ್ನು ಕೇಳಬೇಕಾದ ಮಾತು ಅದು ಎನ್ನುವಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು.

"ಬ್ಯಾರೆ ಕಡೆ ಮಂದಿಗೆ ಬೆರಳು ಇಲ್ಲೇನ್ರಿ? ಕಳಸ್ರಿ," ಎಂದಳು ಸಿದ್ದಕ್ಕ. "ಆದ್ರ ನನ್ನ ಅಳತಿ ಕಳಸಬ್ಯಾಡ್ರಿ. ಆರಡಿಯವನ ಅಳತಿ ಕಳಿಸಿ ನನಗ ಹಿಂಗ ಮಾಡಿದ್ರಿ. ನನ್ನ ಅಳತಿ ಕಳಿಸಿ ಅಲ್ಲಿ ಯಾವಕ್ಕನ್ನ ಬಗ್ಗಸತೀರಿ? ಆಕಿ ಕೈ ಬಿಟ್ಟಲ್ಲೆ ಗೀಟು ಹೊಡೀರಿ ಅಂತ ಬರೀರಿ. ಅಷ್ಟ ಸಾಕು."

ಹಾಗೆಯೇ ಬರೆದರು. ಡಿಸೆಂಬರಿನಲ್ಲಿ ಬಂದ ಹೊಸ ಡ್ರಾಯಿಂಗಿನಲ್ಲಿ ಎತ್ತರದ ಜಾಗದಲ್ಲಿ ಅಂಕಿಯೇ ಇರಲಿಲ್ಲ. ಆಪರೇಟರ್ ಕೂತು ಕೈ ಇಳಿಬಿಟ್ಟಾಗ ಬೀಳುವ ಕಡೆ ಗುರುತು ಹಾಕಿ, ಅಚ್ಚಿನಿಂದ ದೂರ ಅಳೆದು ಬಿಗಿಯಿರಿ ಎಂಬ ಒಂದು ಸಾಲಿತ್ತು, ಅಷ್ಟೇ. ಜೊತೆಯ ಪತ್ರದಲ್ಲಿ ಕೌಂಟನ್ನು ಎರಡು ಸಾವಿರದ ಎಂಟುನೂರಕ್ಕೆ ಇಳಿಸಿದ್ದರು. ಪಟ್ಟಿಯೊಂದಕ್ಕೆ ಕೊಡುವ ದರ ಮಾತ್ರ ಏರಲಿಲ್ಲ. ಅದನ್ನು ಏರಿಸುವ ಪೆಟ್ಟಿಗೆ ಇನ್ನೂ ಯಾರೂ ಮಾಡಿಲ್ಲ ಎಂದರು ದೇವರಾಜ್. ಆದರೂ ಆ ಪತ್ರವನ್ನು ತಾವೇ ಶೆಡ್ಡಿನ ಒಳಗೆ ತಂದು, "ಸಿದ್ದಕ್ಕ, ನಾಲ್ಕನೇದು ನಿಮ್ದೇ. ಇನ್ಮೇಲೆ ಆ ಮಾತೇ ಇಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದರು. ಸಿಹಿ ಸುದ್ದಿಗಳನ್ನು ಅವರು ತಾವೇ ಹೇಳುತ್ತಾರೆ.

ರುದ್ರೇಶ್ ಬಸ್ಸಿನಲ್ಲಿ ಬರುವಾಗಲೇ ಒಂದೆರಡು ಮಾತು ಜೋಡಿಸಿಕೊಂಡಿದ್ದ. ನೀವು ಆ ದಿನ ನನ್ನನ್ನು ಆ ಸ್ಟೂಲಿನ ಮೇಲೆ ಕೂರಿಸದೆ ಸುಮ್ಮನೆ ಪ್ಯಾಕಿಂಗಿಗೆ ಹೋಗಿದ್ದರೆ ಯಾರದಾದರೂ ಬೆರಳು ನನ್ನ ಲೆಕ್ಕದಲ್ಲಿ ಇರುತ್ತಿತ್ತು, ನಾನು ಅದನ್ನು ಸಾಯುವವರೆಗೂ ಹೊತ್ತುಕೊಂಡಿರುತ್ತಿದ್ದೆ ಎಂದೆಲ್ಲ ಹೇಳಬೇಕೆಂದಿದ್ದ. ನಾಲ್ಕನೇ ಪ್ರೆಸ್ಸಿನ ಮುಂದೆ ನಿಂತಾಗ ಎಲ್ಲ ಮರೆತು ಹೋಯಿತು.

"ಸಿದ್ದಕ್ಕ... ಭಾಳ ಉಪಕಾರ ಆಯ್ತು," ಎಂದ.

ಆಕೆ ತಗಡು ಇಟ್ಟು ಕೈ ಇಳಿಬಿಟ್ಟಳು. ಅಚ್ಚು ಧಡ್ಡನೆ ಇಳಿದು ಎದ್ದಿತು. ಆಕೆ ತಲೆ ಎತ್ತಿ ಅವನನ್ನು ನೋಡಿ ನಕ್ಕಳು.

"ಇರಲಿ ಬಿಡ್ರಿ ಸರ. ಅತ್ತಾಗ ಸರೀರಿ ಸ್ವಲ್ಪ, ಬೆಳಕಿಗೆ ಅಡ್ಡ ನಿಂತೀರಿ."

ಅವನು ಸರಿದು ನಿಂತ.